ಮೋಸೆಲ್ ಕಣಿವೆಯ ವೈನ್ ಮತ್ತು ದ್ರಾಕ್ಷಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ಮೋಸೆಲ್ ವೈನ್ ಬಗ್ಗೆ ಮಾತು ಬಂದಾಗಲೆಲ್ಲ ಒಂದಷ್ಟು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಲೇಬಲ್ ಓದಲು ಬರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಮೋಸೆಲ್ ಅಂದ್ರೆ ನದಿಯಾ, ಊರಾ, ಇಲ್ಲಾ ವೈನಿನ ಹೆಸರಾ?

ಮೊದಲಿಗೆ ಅದು ನದಿ. ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಹುಟ್ಟಿ, ಲಕ್ಸೆಂಬರ್ಗ್ ಗಡಿಯಲ್ಲೇ ಸ್ವಲ್ಪ ದೂರ ಹರಿದು, ಜರ್ಮನಿಯ ಕೊಬ್ಲೆಂಜ್ ಊರಲ್ಲಿ ರೈನ್ ನದಿಯನ್ನು ಸೇರುತ್ತದೆ. ಉದ್ದ ಸುಮಾರು 545 ಕಿ.ಮೀ. ಅದರ ದಂಡೆಯ ವೈನ್ ಪ್ರದೇಶಕ್ಕೂ ಅದೇ ಹೆಸರು. ಜರ್ಮನಿಯಲ್ಲಿ ಇಂಥ 13 ಪ್ರದೇಶಗಳಿವೆ. ಮೋಸೆಲ್‌ನ ಉಪನದಿಗಳಾದ ಸಾರ್ ಮತ್ತು ರೂವರ್ ಕಣಿವೆಗಳ ತೋಟಗಳೂ ಈ ಪ್ರದೇಶಕ್ಕೇ ಸೇರುತ್ತವೆ. 2007ರವರೆಗೆ ಲೇಬಲ್ ಮೇಲೆ 'ಮೋಸೆಲ್-ಸಾರ್-ರೂವರ್' ಎಂದೇ ಬರೆಯುತ್ತಿದ್ದರು. ಹಳೆಯ ಬಾಟಲಿ ಕೈಗೆ ಸಿಕ್ಕರೆ ಆ ಹೆಸರು ಕಾಣಿಸುತ್ತದೆ, ಗಾಬರಿ ಬೇಡ, ಎರಡೂ ಒಂದೇ.

ಅಷ್ಟು ಚಳಿ ಇರೋ ಕಡೆ ದ್ರಾಕ್ಷಿ ಹೇಗೆ ಹಣ್ಣಾಗುತ್ತೆ?

ಎಲ್ಲ ಪ್ರಶ್ನೆಗಳ ಬೇರು ಇದೇ. ಮೋಸೆಲ್ ಇರುವುದು ಹತ್ತಿರ ಹತ್ತಿರ 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವೈನ್ ದ್ರಾಕ್ಷಿ ಹಣ್ಣಾಗುವ ಜಾಗಗಳಲ್ಲಿ ಇದು ಬಹಳ ಉತ್ತರಕ್ಕಾಯಿತು. ಸಮತಟ್ಟಾದ ಹೊಲದಲ್ಲಿ ಬಳ್ಳಿ ನೆಟ್ಟರೆ ಇಲ್ಲಿ ಒಳ್ಳೆಯ ಹಣ್ಣು ಸಿಗುವುದು ಕಷ್ಟ. ಆದರೆ ನದಿ, ಗುಡ್ಡ, ಕಲ್ಲು ಮೂರೂ ಸೇರಿ ಬಿಸಿಲನ್ನು ಕೂಡಿಡುತ್ತವೆ.

ಮೊದಲು ಗುಡ್ಡ. ಇಲ್ಲಿ ಸೂರ್ಯ ಆಕಾಶದಲ್ಲಿ ಕೆಳಗೇ ಇರುತ್ತಾನೆ, ಕಿರಣ ಓರೆಯಾಗಿ ಬೀಳುತ್ತದೆ. ನೆಲವೂ ಕಡಿದಾಗಿ ದಕ್ಷಿಣಕ್ಕೆ ಓರೆಯಾಗಿದ್ದರೆ ಅದೇ ಕಿರಣ ನೆಟ್ಟಗೆ ಬೀಳುತ್ತದೆ. ಎರಡನೆಯದು ನದಿ. ಇದೇ ನದಿ ದಂಡೆಯ ಟ್ರಿಯರ್ ಊರಿನಿಂದ ಕೊಬ್ಲೆಂಜ್‌ಗೆ ನೇರವಾಗಿ ಹೋದರೆ ಸುಮಾರು 100 ಕಿ.ಮೀ. ಆದರೆ ನದಿಯ ದಾರಿ ಅದರ ಹತ್ತಿರ ಹತ್ತಿರ ಎರಡರಷ್ಟು. ಹಾವಿನಂತೆ ಸುತ್ತುವ ನದಿಯ ಒಂದೊಂದು ತಿರುವಿನಲ್ಲೂ ದಕ್ಷಿಣಕ್ಕೋ ನೈಋತ್ಯಕ್ಕೋ ಮುಖ ಮಾಡಿದ ಒಂದು ಗುಡ್ಡ ಸಿಗುತ್ತದೆ. ನೀರಿನ ಮೇಲಿಂದ ಬೆಳಕೂ ಪ್ರತಿಫಲಿಸುತ್ತದೆ. ರಾತ್ರಿ ಚಳಿಯನ್ನೂ ನೀರು ಸ್ವಲ್ಪ ತಡೆಯುತ್ತದೆ. ಉತ್ತರಕ್ಕೆ ಐಫೆಲ್, ದಕ್ಷಿಣಕ್ಕೆ ಹುನ್ಸ್‌ರ್ಯೂಕ್ ಬೆಟ್ಟಸಾಲುಗಳು ಗಾಳಿಗೆ ಅಡ್ಡ ನಿಂತಿವೆ.

ಮೂರನೆಯದು ಕಲ್ಲು. ತೋಟದ ತುಂಬಾ ಕಪ್ಪು-ನೀಲಿ ಬಣ್ಣದ ಸ್ಲೇಟ್ ಚೂರುಗಳು. ಹಗಲೆಲ್ಲ ಬಿಸಿಲು ಹೀರಿ, ರಾತ್ರಿ ಅದನ್ನು ಬಳ್ಳಿಗೆ ವಾಪಸ್ ಕೊಡುತ್ತವೆ. ಒಂದು ಸೆಪ್ಟೆಂಬರ್ ಸಂಜೆ ಊರ್ತ್ಸಿಗ್ ಊರಿನ ಮೇಲಿನ ತೋಟದಲ್ಲಿ ನಿಂತಿದ್ದೆ. ಸೂರ್ಯ ಮುಳುಗಿ ಅರ್ಧ ಗಂಟೆಯ ಮೇಲಾಗಿತ್ತು, ಸ್ವೆಟರ್ ಬೇಕೆನ್ನಿಸುವಷ್ಟು ಚಳಿ. ಕಾಲ ಬಳಿ ಬಿದ್ದಿದ್ದ ಅಂಗೈ ಅಗಲದ ಒಂದು ಕಲ್ಲು ಎತ್ತಿಕೊಂಡೆ. ಬಿಸಿ ರೊಟ್ಟಿ ತೆಗೆದ ಮೇಲೆ ತಟ್ಟೆ ಉಳಿದಿರುತ್ತಲ್ಲ, ಹಾಗೆ ಬೆಚ್ಚಗಿತ್ತು. ಪಕ್ಕದಲ್ಲೇ, ಮೊಣಕಾಲೆತ್ತರದಲ್ಲಿ ಗೊಂಚಲು ತೂಗುತ್ತಿತ್ತು.

'ತಂಪು ಹವೆಯ ವೈನ್' ಅಂತಾರಲ್ಲ, ಕುಡಿದಾಗ ಏನು ವ್ಯತ್ಯಾಸ ಗೊತ್ತಾಗುತ್ತೆ?

ದ್ರಾಕ್ಷಿ ಹಣ್ಣಾಗುವಾಗ ಒಳಗೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಬಿಸಿ ನಾಡಿನಲ್ಲಿ ಎರಡೂ ಬೇಗ ಬೇಗ ಆಗಿಬಿಡುತ್ತವೆ. ತಂಪು ನಾಡಿನಲ್ಲಿ ನಿಧಾನ. ಪರಿಮಳ ಕಟ್ಟಿಕೊಳ್ಳಲು ಹಣ್ಣಿಗೆ ವಾರಗಟ್ಟಲೆ ಸಮಯ ಸಿಗುತ್ತದೆ, ಹುಳಿಯೂ ಉಳಿಯುತ್ತದೆ. ಹಾಗಾಗಿ ವೈನ್ ಹಗುರ, ಚುರುಕು. ಬಾಯಲ್ಲಿ ನೀರೂರುತ್ತದೆ. ಸಕ್ಕರೆ ಕಡಿಮೆ ಇದ್ದರೆ ಆಲ್ಕೊಹಾಲೂ ಕಡಿಮೆ. ಬಿಸಿ ನಾಡಿನ ಬಿಳಿ ವೈನಿನಲ್ಲಿ 13-14 ಶೇಕಡಾ ಆಲ್ಕೊಹಾಲ್ ಇರುವುದು ಮಾಮೂಲು. ಮೋಸೆಲ್‌ನ ಸಿಹಿ ಉಳಿಸಿದ ವೈನಿನಲ್ಲಿ 8 ಶೇಕಡಾ ಆಸುಪಾಸು ಇದ್ದರೂ ರುಚಿ ತುಂಬಿಕೊಂಡಿರುತ್ತದೆ. ನನಗೆ ಈ ಪ್ರದೇಶದ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ. ಚಳಿ ಇಲ್ಲಿನ ಕೊರತೆ ಅಲ್ಲ, ರುಚಿ ಬರುವುದೇ ಚಳಿಯಿಂದ.

ಎಲ್ಲ ಮೋಸೆಲ್ ವೈನೂ ಸಿಹಿನೇ ಅಲ್ವಾ?

ಅಲ್ಲ. ಸ್ವಲ್ಪವೂ ಸಿಹಿ ಇಲ್ಲದ ವೈನ್‌ನಿಂದ ಹಿಡಿದು ಜೇನಿನಷ್ಟು ಸಿಹಿಯಾದ ವೈನ್‌ವರೆಗೆ ಎಲ್ಲವೂ ಇಲ್ಲಿದೆ. ಸಿಹಿ ಎಂಬ ಹೆಸರು ಅಂಟಿಕೊಂಡಿದ್ದು 20ನೇ ಶತಮಾನದಲ್ಲಿ ಹೊರದೇಶಕ್ಕೆ ಹೋದ ಅಗ್ಗದ ಸಕ್ಕರೆನೀರಿನಂಥ ವೈನ್‌ಗಳಿಂದ. ಅವುಗಳಿಂದ ಒಳ್ಳೆಯ ಬೆಳೆಗಾರರ ಹೆಸರೂ ಕೆಟ್ಟಿತು, ಇದು ನನಗೆ ನಿಜವಾಗಿಯೂ ಬೇಸರದ ವಿಷಯ.

ಹಾಗಂತ ಸಿಹಿಯನ್ನು ಕೀಳಾಗಿ ನೋಡಬೇಡಿ. ಇಲ್ಲಿ ಹುಳಿ ಎಷ್ಟು ಜೋರಾಗಿರುತ್ತದೆ ಅಂದರೆ, ಸ್ವಲ್ಪ ಸಿಹಿ ಉಳಿದರೆ ಎರಡೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಮಾಗಿದ ಮಾವಿನಹಣ್ಣಿನಲ್ಲಿ ಸಿಪ್ಪೆಯ ಪಕ್ಕದ ಹುಳಿ ಇಲ್ಲದಿದ್ದರೆ ಬರೀ ಸಿಹಿ ಸಪ್ಪೆ ಅನ್ನಿಸುತ್ತೆ, ಅಲ್ವಾ? ಹಾಗೇ ಇದು. ಹುದುಗು ಪೂರ್ತಿ ಮುಗಿಯುವ ಮೊದಲೇ ವೈನನ್ನು ತಣ್ಣಗೆ ಮಾಡಿ, ಯೀಸ್ಟ್ ಸೋಸಿ ತೆಗೆದರೆ ದ್ರಾಕ್ಷಿಯದೇ ಸಕ್ಕರೆ ಉಳಿಯುತ್ತದೆ. ಯಾರೂ ಚಮಚದಲ್ಲಿ ಸಕ್ಕರೆ ಹಾಕಿದ್ದಲ್ಲ.

ಇಲ್ಲಿ ಯಾವ ಕಾಲದಿಂದ ದ್ರಾಕ್ಷಿ ಬೆಳೀತಿದಾರೆ?

ರೋಮನ್ನರ ಕಾಲದಿಂದ. ಟ್ರಿಯರ್ ಅವರು ಕಟ್ಟಿದ ಊರು. ಸುಮಾರು ಕ್ರಿ.ಶ. 371ರಲ್ಲಿ ಔಸೋನಿಯಸ್ ಎಂಬ ಕವಿ ಈ ನದಿಯ ಮೇಲೆ ಲ್ಯಾಟಿನ್‌ನಲ್ಲಿ ಒಂದು ಕಾವ್ಯವನ್ನೇ ಬರೆದ. ಅದರಲ್ಲಿ ದಂಡೆಯ ದ್ರಾಕ್ಷಿ ತೋಟಗಳ ವರ್ಣನೆ ಇದೆ. ಪೀಸ್‌ಪೋರ್ಟ್ ಊರಿನ ತೋಟಗಳ ಬುಡದಲ್ಲಿ 1985ರಲ್ಲಿ 4ನೇ ಶತಮಾನದ ದೊಡ್ಡ ದ್ರಾಕ್ಷಿ ಗಾಣವೊಂದು ಸಿಕ್ಕಿತು. ಇನ್ನೊಂದು ನೋಡಲೇಬೇಕಾದದ್ದು ನೊಯ್‌ಮಾಗನ್‌ನಲ್ಲಿ ಸಿಕ್ಕ ಕಲ್ಲಿನ ಹಡಗು. ಪೀಪಾಯಿ ಹೇರಿಕೊಂಡ ದೋಣಿ, ಹುಟ್ಟು ಹಾಕುವ ಜನ, ಎಲ್ಲ ಕಲ್ಲಿನಲ್ಲೇ ಕೆತ್ತಿದ್ದಾರೆ. 3ನೇ ಶತಮಾನದ ಒಂದು ಸಮಾಧಿಯ ಮೇಲಿದ್ದದ್ದು. ಮೂಲ ಶಿಲ್ಪ ಈಗ ಟ್ರಿಯರ್‌ನ ಮ್ಯೂಸಿಯಂನಲ್ಲಿದೆ.

ನಾನು ಯಾವುದರಿಂದ ಶುರು ಮಾಡ್ಲಿ?

'ಕಾಬಿನೆಟ್' (ಎಲ್ಲಕ್ಕಿಂತ ಹಗುರ ದರ್ಜೆ) ಎಂದು ಬರೆದಿರುವ ಒಂದು ರೀಸ್ಲಿಂಗ್‌ನಿಂದ. ರೀಸ್ಲಿಂಗ್ ಅಂದರೆ ಇಲ್ಲಿನ ಮುಖ್ಯ ಬಿಳಿ ದ್ರಾಕ್ಷಿ ತಳಿ. ಬೆಳೆಗಾರರ ಹೆಸರು ಲೇಬಲ್ ಮೇಲೆ ಸ್ಪಷ್ಟವಾಗಿ ಇರಲಿ. ಮೋಸೆಲ್‌ನ ಗುಣ ಇಷ್ಟು ನೇರವಾಗಿ ಬೇರೆ ಯಾವುದರಲ್ಲೂ ಕಾಣುವುದಿಲ್ಲ.

## ದ್ರಾಕ್ಷಿ ತಳಿಗಳು

ರೀಸ್ಲಿಂಗ್ ಒಂದನ್ನೇ ಯಾಕೆ ಇಷ್ಟು ಹೊಗಳ್ತಾರೆ?

ಯಾಕೆಂದರೆ ಈ ಜಾಗಕ್ಕೂ ಆ ತಳಿಗೂ ಹೇಳಿ ಮಾಡಿಸಿದ ಜೋಡಿ. ರೀಸ್ಲಿಂಗ್ ಬಳ್ಳಿಯ ಕಟ್ಟಿಗೆ ಗಟ್ಟಿ, ಚಳಿಗಾಲದ ಕೊರೆತ ತಡೆಯುತ್ತದೆ. ವಸಂತದಲ್ಲಿ ತಡವಾಗಿ ಚಿಗುರುತ್ತದೆ, ಹಾಗಾಗಿ ಏಪ್ರಿಲ್‌ನ ಹೆಪ್ಪುಗಟ್ಟುವ ಮಂಜಿನಿಂದ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಹಣ್ಣಾಗುವುದೂ ತಡ. ಸಾಮಾನ್ಯವಾಗಿ ಅಕ್ಟೋಬರ್‌ವರೆಗೂ ಬಳ್ಳಿಯ ಮೇಲೇ ಇರುತ್ತದೆ, ಕೆಲವು ಕಡೆ ನವೆಂಬರ್‌ಗೂ ಹೋಗುತ್ತದೆ. ಆ ಹೊತ್ತಿಗೆ ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ. ಹಸಿರು ಸೇಬು, ನಿಂಬೆ, ಪೀಚ್, ಬಿಳಿ ಹೂವು, ಹೀಗೆ ಒಂದೊಂದೇ ಪರಿಮಳ ಸೇರಿಕೊಳ್ಳುತ್ತದೆ.

ಇನ್ನೊಂದು ಗುಣ ನನಗೆ ಬಹಳ ಇಷ್ಟ. ರೀಸ್ಲಿಂಗ್ ತಾನು ಬೆಳೆದ ಜಾಗವನ್ನು ಮುಚ್ಚಿಡುವುದಿಲ್ಲ. ಒಬ್ಬರೇ ಬೆಳೆಗಾರರು, ಒಂದೇ ವರ್ಷ, ಒಂದೇ ರೀತಿ ಮಾಡಿದ ಎರಡು ತೋಟಗಳ ವೈನ್ ಪಕ್ಕಪಕ್ಕ ಇಟ್ಟು ಕುಡಿದು ನೋಡಿ. ಎರಡೂ ಬೇರೆ ಬೇರೆ ಮಾತಾಡುತ್ತವೆ.

ಟ್ರಿಯರ್‌ನಲ್ಲಿ ರೀಸ್ಲಿಂಗ್ ಬಳ್ಳಿ ಕೊಂಡ ದಾಖಲೆ 15ನೇ ಶತಮಾನದ್ದು. ಆದರೆ ಅದು ಎಲ್ಲ ಕಡೆ ಹರಡಲು 1787 ಮುಖ್ಯ. ಆಗ ಟ್ರಿಯರ್‌ನ ಆರ್ಚ್‌ಬಿಷಪ್ ಆಗಿ ಆಳುತ್ತಿದ್ದ ಕ್ಲೆಮೆನ್ಸ್ ವೆಂಟ್ಸೆಸ್ಲೌಸ್, ಕೀಳು ಬಳ್ಳಿಗಳನ್ನು ಕಿತ್ತು 7 ವರ್ಷದೊಳಗೆ ಒಳ್ಳೆಯ ತಳಿ ನೆಡಬೇಕು ಎಂದು ಆಜ್ಞೆ ಹೊರಡಿಸಿದ. ಅದರಿಂದ ರೀಸ್ಲಿಂಗ್‌ಗೆ ದಾರಿಯಾಯಿತು. ಇವತ್ತು ಇಲ್ಲಿನ ಸುಮಾರು 8,500 ಹೆಕ್ಟೇರ್ ತೋಟದಲ್ಲಿ 60 ಶೇಕಡಾಕ್ಕಿಂತ ಜಾಸ್ತಿ ರೀಸ್ಲಿಂಗೇ.

ರೀಸ್ಲಿಂಗ್ ಬಿಟ್ಟು ಬೇರೇನೂ ಬೆಳೆಯೋದಿಲ್ವಾ?

ಬೆಳೆಯುತ್ತಾರೆ. ಮ್ಯೂಲರ್-ತುರ್ಗೌ ಸಾಕಷ್ಟಿದೆ. ಸ್ವಿಟ್ಜರ್ಲೆಂಡಿನ ತುರ್ಗೌ ಸೀಮೆಯ ಹೆರ್ಮನ್ ಮ್ಯೂಲರ್ ಎಂಬ ವಿಜ್ಞಾನಿ 1882ರಲ್ಲಿ ಜರ್ಮನಿಯ ಗೈಸನ್‌ಹೈಮ್‌ನಲ್ಲಿ ಬೆರೆಸಿ ತೆಗೆದ ತಳಿ ಇದು. ರೀಸ್ಲಿಂಗ್ ಮತ್ತು ಸಿಲ್ವಾನರ್ ಸೇರಿಸಿದ್ದು ಎಂದು ಬಹಳ ಕಾಲ ನಂಬಿದ್ದರು. ಡಿಎನ್ಎ ಪರೀಕ್ಷೆ ಮಾಡಿದಾಗ ರೀಸ್ಲಿಂಗ್ ಜೊತೆ ಇದ್ದದ್ದು ಮೇಡಲೀನ್ ರೊಯಾಲ್ ಎಂದು ಗೊತ್ತಾಯಿತು. ಬೇಗ ಹಣ್ಣಾಗುತ್ತದೆ, ಇಳುವರಿ ಜಾಸ್ತಿ, ಹುಳಿ ಮೆತ್ತಗೆ. ದಿನಬಳಕೆಗೆ ಸರಿ, ಆದರೆ ಕಡಿದಾದ ಒಳ್ಳೆಯ ಗುಡ್ಡವನ್ನು ಇದಕ್ಕೆ ಕೊಡುವುದು ನನ್ನ ಮಟ್ಟಿಗೆ ನಷ್ಟವೇ. ಬಿಳಿ ಪಿನೋ, ಬೂದು ಪಿನೋ, ಕೆರ್ನರ್ ಕೂಡ ಅಲ್ಲಲ್ಲಿ ಕಾಣುತ್ತವೆ.

ಎಲ್ಬ್ಲಿಂಗ್ ಅಂತ ಒಂದು ಹೆಸರು ಕೇಳಿದೆ, ಅದೇನು?

ಯುರೋಪಿನ ಬಹಳ ಹಳೆಯ ಬಿಳಿ ತಳಿಗಳಲ್ಲಿ ಒಂದು. ಒಂದು ಕಾಲದಲ್ಲಿ ಈ ಕಣಿವೆ ತುಂಬಾ ಇದೇ ಇತ್ತು. ಈಗ ಟ್ರಿಯರ್‌ಗಿಂತ ಮೇಲೆ, ಲಕ್ಸೆಂಬರ್ಗ್ ಎದುರಿನ ಮೇಲ್ ಮೋಸೆಲ್‌ನಲ್ಲಿ ಉಳಿದಿದೆ. ಅಲ್ಲಿ ಸ್ಲೇಟ್ ಇಲ್ಲ, ಸುಣ್ಣಕಲ್ಲಿನ ನೆಲ. ವೈನ್ ತೆಳ್ಳಗೆ, ಕಟುವಾದ ಹುಳಿ. ಗುಳ್ಳೆ ಏಳುವ ಸೆಕ್ಟ್ ಮಾಡಲು ಹೇಳಿ ಮಾಡಿಸಿದ ಹಾಗಿರುತ್ತದೆ. ಸಿಕ್ಕರೆ ಒಮ್ಮೆ ಕುಡಿದು ನೋಡಿ. ರೀಸ್ಲಿಂಗ್ ಬರುವ ಮೊದಲು ಜನ ಏನು ಕುಡಿಯುತ್ತಿದ್ದರು ಅನ್ನುವುದರ ಒಂದು ಸುಳಿವು ಸಿಗುತ್ತದೆ.

ಕೆಂಪು ವೈನ್ ಸಿಗುತ್ತಾ?

ಸ್ವಲ್ಪ ಸಿಗುತ್ತದೆ. ಮುಖ್ಯವಾಗಿ ಸ್ಪೇಟ್‌ಬುರ್ಗುಂಡರ್, ಅಂದರೆ ಪಿನೋ ನ್ವಾರ್. ಹವೆ ಬೆಚ್ಚಗಾದ ಹಾಗೆ ಇದರ ಗುಣಮಟ್ಟ ಏರಿದೆ. ಆದರೂ ಮೋಸೆಲ್‌ಗೆ ಬಂದು ಮೊದಲು ಕೆಂಪು ಕೇಳಬೇಡಿ.

## ನೆಲ, ಗುಡ್ಡ, ಕೆಲಸ

ಸ್ಲೇಟ್ ಕಲ್ಲಿನ ರುಚಿ ವೈನಿಗೆ ಬರುತ್ತೆ ಅಂತಾರೆ, ನಿಜಾನಾ?

ಬೇರು ಕಲ್ಲನ್ನು ಹೀರಿ ಗೊಂಚಲಿಗೆ ಕಳಿಸುತ್ತದೆ ಎಂಬುದು ನಿಜವಲ್ಲ. ಬಳ್ಳಿ ತೆಗೆದುಕೊಳ್ಳುವುದು ನೀರಿನಲ್ಲಿ ಕರಗಿದ ಲವಣಗಳನ್ನು. ವೈನಿನಲ್ಲಿ ಅವು ಇರುವ ಪ್ರಮಾಣಕ್ಕೆ ಕಲ್ಲಿನ ರುಚಿ ಬರುವುದಿಲ್ಲ. ಆದರೆ ಮಳೆ ಬಿದ್ದ ಕಲ್ಲಿನ ವಾಸನೆ ಬರುತ್ತಲ್ಲ ಎಂದು ಕೇಳಿದರೆ, ಹೌದು, ನನಗೂ ಬರುತ್ತದೆ. ಅದು ಜೋರಾದ ಹುಳಿ, ಕಡಿಮೆ ಆಲ್ಕೊಹಾಲ್, ಹುದುಗಿನಲ್ಲಿ ಹುಟ್ಟುವ ಗಂಧಕದ ಅಂಶಗಳು ಎಲ್ಲ ಸೇರಿ ಆಗುವ ಅನುಭವ.

ಕಲ್ಲಿನ ನಿಜವಾದ ಕೆಲಸ ಬೇರೆ. ಬಿಸಿ ಹಿಡಿಯುತ್ತದೆ. ಮಳೆನೀರನ್ನು ನಿಲ್ಲಗೊಡುವುದಿಲ್ಲ. ಪದರಗಳ ಸಂದಿಯಲ್ಲಿ ಬೇರು ಆಳಕ್ಕೆ ಇಳಿಯಬೇಕಾಗುತ್ತದೆ. ಮಣ್ಣು ತೆಳು, ಗೊಬ್ಬರ ಕಡಿಮೆ, ಹಾಗಾಗಿ ಬಳ್ಳಿ ಸುಮ್ನೆ ಸೊಪ್ಪು ಬೆಳೆಸುವುದಿಲ್ಲ. ಸುಮಾರು 40 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು ಒತ್ತಡಕ್ಕೆ ಸಿಕ್ಕಿ ಈ ಕಲ್ಲಾಗಿದೆ. ಹೆಚ್ಚಿನ ಕಡೆ ನೀಲಿ-ಬೂದು ಬಣ್ಣ. ಊರ್ತ್ಸಿಗ್‌ನಂಥ ಕೆಲವು ಕಡೆ ಇಟ್ಟಿಗೆಗೆಂಪು. ಊರ್ತ್ಸಿಗ್‌ನ ತೋಟದ ಹೆಸರು 'ವ್ಯೂರ್ತ್ಸ್‌ಗಾರ್ಟನ್', ಅಂದರೆ ಮಸಾಲೆ ತೋಟ. ವೈನಿನಲ್ಲೂ ಆ ಘಾಟು ಸಿಗುತ್ತದೆ.

ಅಷ್ಟು ಕಡಿದಾದ ಗುಡ್ಡದಲ್ಲಿ ಕೆಲಸ ಹೇಗೆ ಮಾಡ್ತಾರೆ?

ಕೈಯಲ್ಲಿ. ಬ್ರೆಮ್ ಊರಿನ ಕಾಲ್ಮೊಂಟ್ ಗುಡ್ಡದ ಕೆಲವು ಕಡೆ ಇಳಿಜಾರು ಸುಮಾರು 65 ಡಿಗ್ರಿ. ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟ ಎಂದು ಅದನ್ನೇ ಹೇಳುತ್ತಾರೆ. ಟ್ರ್ಯಾಕ್ಟರ್ ಹೋಗುವ ಮಾತೇ ಇಲ್ಲ. ಕಟ್ಟೆಗಳನ್ನು ಗಾರೆ ಇಲ್ಲದೆ ಕಲ್ಲು ಜೋಡಿಸಿ ಕಟ್ಟಿರುತ್ತಾರೆ. ಮೇಲೆ ಹೋಗಲು ಒಂದೇ ಹಳಿಯ ಪುಟ್ಟ ಗಾಡಿ ಇದೆ. ಹಲ್ಲಿರುವ ಹಳಿಯನ್ನು ಕಚ್ಚಿಕೊಂಡು, ಒಬ್ಬ ಆಳು ಮತ್ತು ಕೆಲವು ಬುಟ್ಟಿಗಳನ್ನು ಹೊತ್ತು ಗುಡುಗುಡು ಸದ್ದು ಮಾಡುತ್ತಾ ಹತ್ತುತ್ತದೆ.

ಬಳ್ಳಿ ಕಟ್ಟುವ ರೀತಿಯೂ ಬೇರೆ. ಸಾಮಾನ್ಯವಾಗಿ ತಂತಿ ಎಳೆದು ಸಾಲಿನಲ್ಲಿ ಬೆಳೆಸುತ್ತಾರಲ್ಲ, ಇಲ್ಲಿ ಹಳೆಯ ತೋಟಗಳಲ್ಲಿ ಪ್ರತಿ ಬಳ್ಳಿಗೂ ಅದರದೇ ಒಂದು ಗೂಟ. ಚಳಿಗಾಲದಲ್ಲಿ ಚಾಟನಿ ಮಾಡಿ ಎರಡು ಕಡ್ಡಿ ಉಳಿಸುತ್ತಾರೆ. ಆ ಎರಡನ್ನೂ ಎಡಕ್ಕೊಂದು ಬಲಕ್ಕೊಂದು ಬಗ್ಗಿಸಿ, ತುದಿಯನ್ನು ಬುಡದ ಹತ್ತಿರ ಕಟ್ಟುತ್ತಾರೆ. ದೂರದಿಂದ ನೋಡಿದರೆ ಹೃದಯದ ಆಕಾರ. ಕಡ್ಡಿ ಒಣಗಿದ್ದರೆ ಬಗ್ಗಿಸುವಾಗ ಟಕ್ ಎಂದು ಮುರಿಯುತ್ತದೆ, ಅದಕ್ಕೇ ತೇವ ಇರುವ ದಿನ ಈ ಕೆಲಸಕ್ಕೆ ಇಳಿಯುತ್ತಾರೆ. ತಂತಿ ಇಲ್ಲದ್ದರಿಂದ ಗುಡ್ಡಕ್ಕೆ ಅಡ್ಡಡ್ಡ ಓಡಾಡಬಹುದು. ಇಂಥ ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಾಡುವುದಕ್ಕಿಂತ ಅದು ಎಷ್ಟೋ ಸಲೀಸು.

ಸಮತಟ್ಟು ನೆಲಕ್ಕೆ ಹೋಲಿಸಿದರೆ ಇಲ್ಲಿ ದುಡಿಮೆ ಹಲವು ಪಟ್ಟು. ಆ ದುಡಿಮೆಗೆ ತಕ್ಕ ಬೆಲೆ ಎಲ್ಲರಿಗೂ ಸಿಗಲಿಲ್ಲ. 1990ರ ದಶಕದ ಶುರುವಿನಲ್ಲಿ 12,000 ಹೆಕ್ಟೇರಿಗಿಂತ ಜಾಸ್ತಿ ಇದ್ದ ತೋಟ ಈಗ ಸುಮಾರು 8,500ಕ್ಕೆ ಇಳಿದಿದ್ದಕ್ಕೆ ಇದೂ ಒಂದು ಕಾರಣ. ಬಿಟ್ಟ ತೋಟಗಳಲ್ಲಿ ಮುಳ್ಳುಪೊದೆ ಬೆಳೆದು ಕಟ್ಟೆ ಕುಸಿದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಖುಷಿಯ ವಿಷಯ ಎಂದರೆ, ಕೆಲವು ಯುವ ಬೆಳೆಗಾರರು ಅವನ್ನೇ ಕೊಂಡು ಮತ್ತೆ ಕಟ್ಟುತ್ತಿದ್ದಾರೆ.

ಕಸಿ ಕಟ್ಟದ ಬಳ್ಳಿ ಇಲ್ಲಿವೆ ಅಂತಾರೆ. ಅದರಲ್ಲೇನು ವಿಶೇಷ?

19ನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನು ಯುರೋಪಿನ ದ್ರಾಕ್ಷಿ ಬೇರುಗಳನ್ನು ತಿಂದು ತೋಟಗಳನ್ನೇ ಮುಗಿಸಿತು. ಅಲ್ಲಿಂದ ಮುಂದೆ ಎಲ್ಲ ಕಡೆ ಅಮೆರಿಕದ ಬಳ್ಳಿಯ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟುವುದು ಶುರುವಾಯಿತು. ಕಲ್ಲುಚೂರೇ ತುಂಬಿದ ಸ್ಲೇಟ್ ನೆಲದಲ್ಲಿ ಆ ಹೇನು ಸುಲಭವಾಗಿ ಹರಡುವುದಿಲ್ಲ. ಹಾಗಾಗಿ ಮೋಸೆಲ್‌ನಲ್ಲಿ ಸ್ವಂತ ಬೇರಿನ ಮೇಲೇ ನಿಂತ ಹಳೆಯ ರೀಸ್ಲಿಂಗ್ ಬಳ್ಳಿಗಳು ಉಳಿದಿವೆ. ಕೆಲವಕ್ಕೆ 100 ವರ್ಷ ದಾಟಿದೆ. ಕಾಂಡ ತೋಳಿನಷ್ಟು ದಪ್ಪ, ತಿರುಚಿಕೊಂಡಿರುತ್ತದೆ. ಹಣ್ಣು ಕಡಿಮೆ, ಕಾಳು ಸಣ್ಣದು, ರಸ ಗಟ್ಟಿ.

ಸಾರ್, ರೂವರ್, ನಡು ಮೋಸೆಲ್... ಇವುಗಳಲ್ಲಿ ವ್ಯತ್ಯಾಸ ಏನು?

ನಡು ಮೋಸೆಲ್ ಅತ್ಯಂತ ಹೆಸರುವಾಸಿ. ಬೆರ್ನ್‌ಕಾಸ್ಟೆಲ್, ವೇಲೆನ್, ಊರ್ತ್ಸಿಗ್, ಪೀಸ್‌ಪೋರ್ಟ್ ಎಲ್ಲ ಇಲ್ಲೇ. ವೇಲೆನ್ ಎದುರಿನ ಗುಡ್ಡದ ಬಂಡೆಯ ಮೇಲೆ 1842ರಲ್ಲಿ ಜೊಡೊಕಸ್ ಪ್ರ್ಯೂಮ್ ಎಂಬ ಬೆಳೆಗಾರರು ಒಂದು ನೆರಳು ಗಡಿಯಾರ ಕಟ್ಟಿಸಿದರು. ತೋಟದಲ್ಲಿ ದುಡಿಯುವವರಿಗೆ ಹೊತ್ತು ಗೊತ್ತಾಗಲಿ ಅಂತ. ತೋಟಕ್ಕೆ 'ಸೊನ್ನನ್‌ಊರ್', ಅಂದರೆ ಸೂರ್ಯ ಗಡಿಯಾರ ಎಂದೇ ಹೆಸರಾಯಿತು. ಇಲ್ಲಿನ ವೈನ್ ತುಂಬಿದ ಹಣ್ಣಿನ ರುಚಿಯದ್ದು.

ಸಾರ್ ಕಣಿವೆ ಅಗಲ, ಗಾಳಿ ಜಾಸ್ತಿ, ಚಳಿಯೂ ಜಾಸ್ತಿ. ವೈನ್ ಬಿಗಿ, ಹುಳಿ ಚೂರಿಯಷ್ಟು ಹರಿತ. ಹಿಂದೆ ಹತ್ತು ವರ್ಷದಲ್ಲಿ ಮೂರ್ನಾಲ್ಕು ಸಲ ಮಾತ್ರ ಅಲ್ಲಿ ಹಣ್ಣು ಸರಿಯಾಗಿ ಮಾಗುತ್ತಿತ್ತು. ಮಾಗಿದ ವರ್ಷ ಮಾತ್ರ ಅದಕ್ಕೆ ಸಾಟಿ ಇಲ್ಲ. ಷಾರ್ಟ್ಸ್‌ಹೋಫ್‌ಬೆರ್ಗ್ ಅಲ್ಲಿನ ಪ್ರಸಿದ್ಧ ತೋಟ. ರೂವರ್ ಪುಟ್ಟ ಹೊಳೆ, ವೈನ್ ನಾಜೂಕು, ಸೊಪ್ಪಿನ ಪರಿಮಳ. ಕೊಬ್ಲೆಂಜ್ ಕಡೆಯ ಕೆಳ ಮೋಸೆಲ್‌ನಲ್ಲಿ ಮೆಟ್ಟಿಲು ಮೆಟ್ಟಿಲಾದ ತೋಟಗಳು, ಹವೆ ಸ್ವಲ್ಪ ಬೆಚ್ಚಗೆ, ಸಿಹಿ ಇಲ್ಲದ ವೈನ್‌ಗೆ ಒಳ್ಳೆಯ ಜಾಗ.

## ಲೇಬಲ್, ಬಾಟಲಿ, ಗ್ಲಾಸು

ಲೇಬಲ್ ನೋಡಿದರೆ ತಲೆ ತಿರುಗುತ್ತೆ. ಎಲ್ಲಿಂದ ಓದೋದು?

ನಾಲ್ಕು ವಿಷಯ ಹುಡುಕಿ: ಬೆಳೆಗಾರರ ಹೆಸರು, ವರ್ಷ, ಊರು ಮತ್ತು ತೋಟ, ಆಮೇಲೆ ಮಾಗುವಿಕೆಯ ದರ್ಜೆ. ಊರಿನ ಹೆಸರಿಗೆ ಕೊನೆಯಲ್ಲಿ 'ಅರ್' ಸೇರುತ್ತದೆ. 'ವೇಲೆನರ್ ಸೊನ್ನನ್‌ಊರ್' ಅಂದರೆ ವೇಲೆನ್ ಊರಿನ ಸೊನ್ನನ್‌ಊರ್ ತೋಟ. 'ಟ್ರೋಕನ್' ಎಂದಿದ್ದರೆ ಸಿಹಿ ಇಲ್ಲ, ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. 'ಹಾಲ್ಪ್‌ಟ್ರೋಕನ್' ಸ್ವಲ್ಪ ಸಿಹಿ. 'ಫೈನ್‌ಹೆರ್ಬ್' ಕೂಡ ಹೆಚ್ಚು ಕಡಿಮೆ ಅದೇ, ಆದರೆ ಅದಕ್ಕೆ ಕಾನೂನಿನ ಅಳತೆ ಇಲ್ಲ. ಏನೂ ಬರೆದಿಲ್ಲದಿದ್ದರೆ ಆಲ್ಕೊಹಾಲ್ ನೋಡಿ. 7-9 ಶೇಕಡಾ ಇದ್ದರೆ ಸಿಹಿ ಉಳಿದಿದೆ, 11-12 ದಾಟಿದ್ದರೆ ಬಹುತೇಕ ಸಿಹಿ ಇಲ್ಲದ್ದು. ನಾನು ಈಗಲೂ ಬಳಸುವ ಉಪಾಯ ಇದೇ.

ಸಣ್ಣ ಅಕ್ಷರದಲ್ಲಿ ಒಂದು ಉದ್ದದ ಸಂಖ್ಯೆಯೂ ಇರುತ್ತದೆ. ಅದು ಸರ್ಕಾರಿ ಪರೀಕ್ಷೆಯ ನಂಬರ್. ಕೊನೆಯ ಎರಡು ಅಂಕಿ ಪರೀಕ್ಷೆಯಾದ ವರ್ಷ. ಅದರ ಹಿಂದಿನ ಅಂಕಿ ಆ ಬೆಳೆಗಾರರ ಯಾವ ವೈನ್ ಎಂದು ತಿಳಿಸುತ್ತದೆ. ಒಂದೇ ತೋಟ, ಒಂದೇ ದರ್ಜೆ, ಒಂದೇ ವರ್ಷದ ಎರಡು ಬಾಟಲಿ ಬೇರೆ ರುಚಿ ಅನ್ನಿಸಿದರೆ ಈ ಅಂಕಿ ಹೋಲಿಸಿ ನೋಡಿ.

ಕಾಬಿನೆಟ್, ಸ್ಪೇಟ್‌ಲೀಸ, ಔಸ್‌ಲೀಸ... ಮೇಲಕ್ಕೆ ಹೋದಷ್ಟೂ ಒಳ್ಳೇದಾ?

ಮೇಲಕ್ಕೆ ಹೋದಷ್ಟೂ ಕೊಯ್ಯುವಾಗ ಹಣ್ಣು ಜಾಸ್ತಿ ಮಾಗಿತ್ತು ಎಂದರ್ಥ, ಅಷ್ಟೇ. ಇದನ್ನು ರಸದ ತೂಕದಿಂದ ಅಳೆಯುತ್ತಾರೆ. ಒಂದು ಲೀಟರ್ ರಸ ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಭಾರ ಅನ್ನುವುದೇ 'ಎಕ್ಸ್‌ಲೆ' ಡಿಗ್ರಿ. ಅಳತೆಗೆ 19ನೇ ಶತಮಾನದ ಫರ್ಡಿನಾಂಡ್ ಎಕ್ಸ್‌ಲೆ ಎಂಬುವರ ಹೆಸರು. ಈಗಿನ ದರ್ಜೆಗಳು 1971ರ ವೈನ್ ಕಾನೂನಿನವು.

ಕಾಬಿನೆಟ್ ಎಲ್ಲಕ್ಕಿಂತ ಹಗುರ. ಸ್ಪೇಟ್‌ಲೀಸ ಅಂದರೆ 'ತಡವಾಗಿ ಕೊಯ್ದದ್ದು'. ಔಸ್‌ಲೀಸ ಅಂದರೆ 'ಆರಿಸಿ ಕೊಯ್ದದ್ದು'. ಇನ್ನೂ ಮೇಲೆ ಬೇರನ್‌ಔಸ್‌ಲೀಸ, ಕಾಳು ಕಾಳಾಗಿ ಆರಿಸಿದ್ದು. ತುದಿಯಲ್ಲಿ ಟ್ರೋಕನ್‌ಬೇರನ್‌ಔಸ್‌ಲೀಸ. ಇಲ್ಲಿ 'ಟ್ರೋಕನ್' ಎಂದರೆ ಒಣಗಿದ ಕಾಳು, ಸಿಹಿ ಇಲ್ಲ ಎಂದಲ್ಲ! ಶರತ್ಕಾಲದ ಮಂಜಿನಲ್ಲಿ ಬೊಟ್ರೈಟಿಸ್ ಎಂಬ ಬೂಷ್ಟು ಹಿಡಿದು, ಸಿಪ್ಪೆ ತೂತಾಗಿ, ನೀರು ಆರಿ, ಕಾಳು ಒಣದ್ರಾಕ್ಷಿಯ ಹಾಗೆ ಸುಕ್ಕಾಗಿರುತ್ತದೆ. ರಸ ಕನಿಷ್ಠ 150 ಎಕ್ಸ್‌ಲೆ ಇರಬೇಕು. ದಿನವಿಡೀ ಆರಿಸಿದರೂ ಕೆಲವೇ ಲೀಟರ್ ಸಿಕ್ಕೀತು.

ಊಟದ ಜೊತೆ ಕುಡಿಯಲು ನನಗೆ ಕಾಬಿನೆಟ್ಟೇ ಬೇಕು. ಉಪ್ಪು ಖಾರ ಇರುವ ಊಟಕ್ಕೆ ಅದರಷ್ಟು ಹೊಂದುವ ವೈನ್ ಕಡಿಮೆ.

ಒಂದೇ ಊರಿನ ಹೆಸರಿದ್ದರೂ ಒಂದು ಬಾಟಲಿ ಅಗ್ಗ, ಇನ್ನೊಂದು ದುಬಾರಿ. ಯಾಕೆ?

ಇದರಲ್ಲಿ ನಾನೂ ಮೋಸ ಹೋಗಿದ್ದೇನೆ. 'ಪೀಸ್‌ಪೋರ್ಟರ್ ಗೋಲ್ಡ್‌ಟ್ರೆಪ್ಫ್‌ಶೆನ್' ಬಗ್ಗೆ ಕೇಳಿ ಆಸೆಪಟ್ಟಿದ್ದೆ. ಒಂದು ಅಂಗಡಿಯಲ್ಲಿ 'ಪೀಸ್‌ಪೋರ್ಟರ್ ಮಿಖೆಲ್ಸ್‌ಬೆರ್ಗ್' ಸಿಕ್ಕಿತು. ಎರಡೂ ಪಕ್ಕಪಕ್ಕದ ತೋಟ ಇರಬೇಕು ಎಂದುಕೊಂಡು ತಂದೆ. ನೀರು ನೀರಾಗಿತ್ತು. ಗೋಲ್ಡ್‌ಟ್ರೆಪ್ಫ್‌ಶೆನ್ ನಿಜವಾದ ಒಂದು ಗುಡ್ಡದ ತೋಟ. ಮಿಖೆಲ್ಸ್‌ಬೆರ್ಗ್ ಹಲವು ಊರುಗಳ ತೋಟಗಳನ್ನು ಒಟ್ಟುಗೂಡಿಸಿ ಇಟ್ಟ ಹೆಸರು, ಸಮತಟ್ಟು ನೆಲದ ದ್ರಾಕ್ಷಿಯೂ ಅದರೊಳಗೆ ಬರುತ್ತದೆ. 1971ರ ಕಾನೂನು ಇಂಥ ಒಟ್ಟು ಹೆಸರುಗಳಿಗೂ ಊರಿನ ಹೆಸರು ಅಂಟಿಸಲು ಬಿಟ್ಟಿತು. ಕೊಳ್ಳುವವರಿಗೆ ಗೊತ್ತಾಗುವುದಾದರೂ ಹೇಗೆ? ಕಷ್ಟಪಟ್ಟು ಗುಡ್ಡ ಹತ್ತುವವರಿಗೆ ಇದು ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಒಳ್ಳೆಯ ತೋಟಗಳ ಹೆಸರು ನಾಲ್ಕೈದು ನೆನಪಿಟ್ಟುಕೊಳ್ಳಿ. ಬಿರಡೆಯ ಹೊದಿಕೆ ಮೇಲೆ ದ್ರಾಕ್ಷಿ ಹಿಡಿದ ಹದ್ದಿನ ಚಿತ್ರ ಇದ್ದರೆ ಅದು ವಿಡಿಪಿ ಎಂಬ ಬೆಳೆಗಾರರ ಸಂಘದ ಗುರುತು. 1910ರಲ್ಲಿ ಶುರುವಾದ ಸಂಘ, ನಿಯಮ ಬಿಗಿ. 'ಜಿಜಿ' ಎಂದಿದ್ದರೆ ಅವರ ಅತ್ಯುತ್ತಮ ತೋಟದ, ಸಿಹಿ ಇಲ್ಲದ ವೈನ್.

ಬಾಟಲಿ ತೆಗೆದರೆ ಸೀಮೆಎಣ್ಣೆ ವಾಸನೆ ಬಂತು. ಕೆಟ್ಟು ಹೋಗಿದೆಯಾ?

ಇಲ್ಲ. ರೀಸ್ಲಿಂಗ್ ಹಳೆಯದಾದ ಹಾಗೆ ಟಿಡಿಎನ್ ಎಂಬ ಒಂದು ಅಂಶ ಹುಟ್ಟುತ್ತದೆ, ಆ ವಾಸನೆ ಅದರದ್ದು. ಗೊಂಚಲಿಗೆ ಬಿಸಿಲು ಜಾಸ್ತಿ ಬಿದ್ದಿದ್ದರೆ ಇದೂ ಜಾಸ್ತಿ. ಹದವಾಗಿದ್ದರೆ ಜೇನು ಮತ್ತು ಒಣ ಹಣ್ಣಿನ ಪರಿಮಳದ ಜೊತೆ ಚೆನ್ನಾಗಿ ಬೆರೆಯುತ್ತದೆ. ಹೊಸ ವೈನಿನಲ್ಲೇ ಮೂಗಿಗೆ ಹೊಡೆಯುವಷ್ಟಿದ್ದರೆ ನನಗೂ ಇಷ್ಟವಾಗುವುದಿಲ್ಲ.

ತಳದಲ್ಲಿ ಕಲ್ಲುಸಕ್ಕರೆ ಚೂರಿನಂಥದ್ದು ಇದೆ, ಗಾಜಾ?

ಗಾಜಲ್ಲ. ದ್ರಾಕ್ಷಿಯ ಟಾರ್ಟಾರಿಕ್ ಹುಳಿ ತಂಪಿಗೆ ಹರಳುಗಟ್ಟಿದ್ದು. ನಿಧಾನವಾಗಿ ಬಗ್ಗಿಸಿ, ತಳದಲ್ಲೇ ಉಳಿಯುತ್ತದೆ.

ಎಷ್ಟು ತಣ್ಣಗೆ ಕುಡೀಬೇಕು? ಎಷ್ಟು ವರ್ಷ ಇಡಬಹುದು?

ಕಾಬಿನೆಟ್‌ಗೆ 8-10 ಡಿಗ್ರಿ ಸಾಕು. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಕುಡಿಯಿರಿ. ಕೊರೆಯುವಷ್ಟು ತಣ್ಣಗಿದ್ದರೆ ಪರಿಮಳ ಏಳುವುದೇ ಇಲ್ಲ. ಒಳ್ಳೆಯ ಕಾಬಿನೆಟ್ 10 ವರ್ಷ ಆರಾಮಾಗಿ ನಿಲ್ಲುತ್ತದೆ, ಔಸ್‌ಲೀಸ ದಶಕಗಟ್ಟಲೆ. ಹುಳಿ ಮತ್ತು ಸಿಹಿ ಎರಡೂ ಅದನ್ನು ಕಾಯುತ್ತವೆ. ವರ್ಷ ಕಳೆದ ಹಾಗೆ ಸಿಹಿ ಕಡಿಮೆಯಾದಂತೆ ಅನ್ನಿಸುತ್ತದೆ, ಅಳೆದರೆ ಸಕ್ಕರೆ ಅಷ್ಟೇ ಇರುತ್ತದೆ.

ಐಸ್‌ವೈನ್ ಅಂದ್ರೆ ವೈನನ್ನ ಫ್ರೀಜರ್‌ನಲ್ಲಿ ಇಡೋದಾ?

ಅಲ್ಲ, ದ್ರಾಕ್ಷಿ ಬಳ್ಳಿಯ ಮೇಲೇ ಹೆಪ್ಪುಗಟ್ಟಬೇಕು. ಮೈನಸ್ 7 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಳಿದಾಗ, ಸಾಮಾನ್ಯವಾಗಿ ಬೆಳಗಾಗುವ ಮೊದಲು, ಟಾರ್ಚ್ ಹಿಡಿದು ಕೊಯ್ಯುತ್ತಾರೆ. ಗೋಲಿಯಂತೆ ಗಟ್ಟಿಯಾದ ಕಾಳುಗಳನ್ನು ಹಾಗೇ ಹಿಂಡುತ್ತಾರೆ. ನೀರು ಮಂಜುಗಡ್ಡೆಯಾಗಿ ಗಾಣದಲ್ಲೇ ಉಳಿಯುತ್ತದೆ. ಗಟ್ಟಿ ರಸ ಮಾತ್ರ ಹನಿ ಹನಿಯಾಗಿ ಇಳಿಯುತ್ತದೆ. ಜನವರಿಯಲ್ಲಿ ಕೊಯ್ದರೂ ಲೇಬಲ್ ಮೇಲೆ ಹಣ್ಣು ಬೆಳೆದ ವರ್ಷವನ್ನೇ ಬರೆಯುತ್ತಾರೆ. ಬೂಷ್ಟಿನ ವೈನ್‌ನಲ್ಲಿ ಜೇನಿನ ರುಚಿ ಮುಂದಿದ್ದರೆ, ಇದರಲ್ಲಿ ಹಣ್ಣಿನ ತಾಜಾತನ ಮತ್ತು ಹುಳಿ ಮುಂದೆ.

ಹವೆ ಬಿಸಿಯಾಗ್ತಿದೆ. ಇನ್ನೂ ಇದನ್ನ 'ತಂಪು ಪ್ರದೇಶ' ಅನ್ನಬಹುದಾ?

ಈಗಲೂ ತಂಪೇ, ಆದರೆ ಮೊದಲಿನ ಹಾಗಿಲ್ಲ. ಐಸ್‌ವೈನ್ ನೋಡಿದರೆ ಗೊತ್ತಾಗುತ್ತದೆ. 2019ರ ಬೆಳೆಗೆ ಚಳಿಗಾಲ ಎಷ್ಟು ಬೆಚ್ಚಗಿತ್ತೆಂದರೆ, ಜರ್ಮನಿಯ 13 ಪ್ರದೇಶಗಳಲ್ಲಿ ಎಲ್ಲೂ ಐಸ್‌ವೈನ್ ಕೊಯ್ಯಲಾಗಲಿಲ್ಲ. ಅಕ್ಟೋಬರ್‌ನಲ್ಲಿ ಶುರುವಾಗುತ್ತಿದ್ದ ಕೊಯ್ಲು ಈಗ ಸೆಪ್ಟೆಂಬರ್‌ಗೆ ಬಂದಿದೆ. ಹಣ್ಣು ಮಾಗದ ವರ್ಷ ಎಂಬುದೇ ಅಪರೂಪ. ಅದರಿಂದ ಸಿಹಿ ಇಲ್ಲದ ವೈನ್ ಎಷ್ಟೋ ಸುಧಾರಿಸಿದೆ, ಸಾರ್‌ನಂಥ ಚಳಿ ಜಾಗಗಳಿಗೆ ಬೇಡಿಕೆ ಏರಿದೆ. ಆದರೆ ನಿಜವಾದ ಹಗುರ ಕಾಬಿನೆಟ್ ಮಾಡುವುದು ಕಷ್ಟವಾಗುತ್ತಿದೆ, ಹಣ್ಣು ಆ ಹದ ದಾಟಿ ಮುಂದೆ ಹೋಗಿಬಿಡುತ್ತದೆ.

ಇನ್ನೊಂದು ತೊಂದರೆ ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಚಳಿಗಾಲ ಬೆಚ್ಚಗಾದರೆ ಬಳ್ಳಿ ಬೇಗ ಚಿಗುರುತ್ತದೆ. ಆಗ ಏಪ್ರಿಲ್‌ನಲ್ಲಿ ಒಂದು ರಾತ್ರಿ ಹೆಪ್ಪುಗಟ್ಟುವ ಮಂಜು ಬಿದ್ದರೂ ಸಾಕು. 2024ರ ಏಪ್ರಿಲ್ ಕೊನೆಯಲ್ಲಿ ಹಾಗೇ ಆಯಿತು. ಸಾರ್ ಮತ್ತು ರೂವರ್ ಕಣಿವೆಗಳಲ್ಲಿ ಎಳೆ ಚಿಗುರೆಲ್ಲ ಸುಟ್ಟಂತೆ ಕಂದಾಯಿತು, ಆ ವರ್ಷದ ಬೆಳೆಯಲ್ಲಿ ದೊಡ್ಡ ಪಾಲು ಅಲ್ಲೇ ಹೋಯಿತು. ಬೇಸಿಗೆಯಲ್ಲಿ ಗೊಂಚಲಿಗೆ ಬಿಸಿಲು ಹೊಡೆದು ಕಾಳು ಸುಡುವುದೂ ಇದೆ. ಹಿಂದೆ ಗೊಂಚಲಿನ ಸುತ್ತ ಎಲೆ ಕಿತ್ತು, ಇನ್ನಷ್ಟು ಬಿಸಿಲು ಬೀಳಲಿ ಎನ್ನುತ್ತಿದ್ದರು. ಈಗ ಮಧ್ಯಾಹ್ನದ ಬಿಸಿಲು ಬೀಳುವ ಕಡೆ ಎಲೆಗಳನ್ನು ಹಾಗೇ ಬಿಡುತ್ತಾರೆ. ಬೆಳಗಿನ ಬಿಸಿಲಿನ ಕಡೆ ಮಾತ್ರ ಕೀಳುತ್ತಾರೆ.